ಅಂತರಜಾಲ ವಿಳಾಸದ ಲಿಖಿತರೂಪ ಮತ್ತು ದ್ವಿಮಾನರೂಪ: ಒಂದು ಚಾರಿತ್ರಿಕ ವಿವೇಚನೆ

ಬರೆದಿಟ್ಟ ಸಂಖ್ಯೆಯನ್ನು ಹೇಗೆ ಓದಬೇಕೆಂಬ ಪ್ರಶ್ನೆ ಶಾಸನಗಳ ಅಭ್ಯಾಸಿಗಳಿಗೆ ಹೊಸದಲ್ಲ. ಶಕವರ್ಷವನ್ನು ಅಂಕಿಗಳಲ್ಲಿ ಬರೆಯದೆ ಭೂತಸಂಖ್ಯೆಗಳಲ್ಲಿ ಹೇಳಿರುವ ಕಡೆ ‘ನೇತ್ರ’ವೆಂದರೆ ಎರಡು, ‘ಬಾಣ’ವೆಂದರೆ ಐದು ಎಂಬುದರಲ್ಲಿ ವಿವಾದವಿಲ್ಲ. ಆದರೆ ‘ರಸ’ವೆಂಬ ಮಾತನ್ನು ರುಚಿಗಳ ಲೆಕ್ಕದಿಂದ ಆರೆಂದು ಹಿಡಿಯಬೇಕೋ ಕಾವ್ಯರಸಗಳ ಲೆಕ್ಕದಿಂದ ಒಂಬತ್ತೆಂದು ಹಿಡಿಯಬೇಕೋ ಎಂಬ ಸಂದೇಹ ಏಳಬಹುದು. ಆಗ ವಿದ್ವಾಂಸರು ಅದೇ ಶಾಸನದಲ್ಲಿ ಹೇಳಿರುವ ಸಂವತ್ಸರದ ಹೆಸರು, ಮಾಸ, ತಿಥಿ, ವಾರಗಳನ್ನು ಕೂಡಿಸಿ ನೋಡಿ ಒಂದು ಅರ್ಥವನ್ನು ಸ್ಥಾಪಿಸುತ್ತಾರೆ, ಮತ್ತೊಂದನ್ನು ಬಿಡುತ್ತಾರೆ. ಇಂಥದೇ ಒಂದು ಸಂದೇಹ ನಮ್ಮ ಕಾಲದ ಅಂತರಜಾಲದಲ್ಲಿಯೂ ಹುಟ್ಟಿ, ನಾಲ್ವತ್ತು ವರ್ಷಗಳಿಗೂ ಮೀರಿ ಬಾಳಿಬಂದಿದೆ. ಅಲ್ಲಿ ಮಾತ್ರ ವಾರತಿಥಿಗಳ ನೆರವಿಲ್ಲ. ಈ ಸಂದೇಹ ಹೇಗೆ ಹುಟ್ಟಿತು, ಅದನ್ನು ನಿವಾರಿಸಲು ಯಾರು ಏನು ಮಾಡಿದರು, ಅದು ಇನ್ನೂ ಏಕೆ ಉಳಿದಿದೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಮೊದಲು ವಿಷಯದ ಸ್ವರೂಪವನ್ನು ತಿಳಿದುಕೊಳ್ಳುವುದು ಅವಶ್ಯಕ. 1981ರ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಅವರ ಸಂಪಾದಕತ್ವದಲ್ಲಿ ಹೊರಬಂದ 791ನೆಯ ಆರ್‌ಎಫ್‌ಸಿ ಪತ್ರವು ಅಂತರಜಾಲದ ಪ್ರತಿಯೊಂದು ಯಂತ್ರಕ್ಕೂ 32 ಬಿಟ್‌ಗಳ ವಿಳಾಸವನ್ನು ಗೊತ್ತುಪಡಿಸಿತು. (ಅಂತರಜಾಲದ ನಿಯಮಗಳನ್ನು ಪ್ರಕಟಿಸುವ, ಕ್ರಮಸಂಖ್ಯೆಯುಳ್ಳ ಪತ್ರಗಳ ಮಾಲೆಗೆ ಆರ್‌ಎಫ್‌ಸಿ ಎಂದು ಹೆಸರು.) 1983ರ ಜನವರಿ 1ರಂದು ಅಮೆರಿಕದ ಆರ್ಪಾನೆಟ್ ಜಾಲವು ಈ ಹೊಸ ಪದ್ಧತಿಗೆ ಬದಲಾಯಿತು. ಯಂತ್ರವು ಬಲ್ಲದ್ದು ಸೊನ್ನೆ ಒಂದುಗಳ ಆ 32 ಸ್ಥಾನಗಳನ್ನು ಮಾತ್ರವೇ. ಮನುಷ್ಯನಿಗೆ ಅದನ್ನು ಓದುವುದಾಗಲಿ ನೆನಪಿಡುವುದಾಗಲಿ ಸಾಧ್ಯವಿಲ್ಲವಾದ್ದರಿಂದ ಎಂಟೆಂಟು ಬಿಟ್‌ಗಳ ನಾಲ್ಕು ಭಾಗ ಮಾಡಿ, ಒಂದೊಂದನ್ನೂ ದಶಮಾನದಲ್ಲಿ ಬರೆದು, ನಡುವೆ ಚುಕ್ಕೆಯಿಡುವ ರೂಢಿ ಬಂದಿತು. ಉದಾಹರಣೆಗೆ 10.20.0.52 ಎಂಬ ಬರಹವನ್ನು ತೆಗೆದುಕೊಳ್ಳೋಣ. ಇದರ ನಾಲ್ಕು ಭಾಗಗಳು ದ್ವಿಮಾನದಲ್ಲಿ 00001010, 00010100, 00000000, 00110100 ಎಂದಾಗುತ್ತವೆ. ಒಟ್ಟುಗೂಡಿಸಿದರೆ 16,90,82,932 ಎಂಬ ಒಂದೇ ಸಂಖ್ಯೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳ ಸಾಲಿನಿಂದ ಈ ಸಂಖ್ಯೆಯನ್ನು ತೆಗೆದುಕೊಡುವುದು ಪ್ರೋಗ್ರಾಮಿನೊಳಗಿನ ಒಂದು ಚಿಕ್ಕ ಫಂಕ್ಷನ್ನಿನ ಕೆಲಸ. ಹತ್ತಿಪ್ಪತ್ತು ಸಾಲುಗಳಲ್ಲಿ ಮುಗಿಯತಕ್ಕ ಈ ಕೆಲಸಕ್ಕೆ ಚರಿತ್ರೆಯಿರುವುದೇ ಹೆಚ್ಚು ಎಂದು ಯಾರಾದರೂ ಭಾವಿಸಿದರೆ ಆಶ್ಚರ್ಯವಿಲ್ಲ.

ಮೇಲಣ ಉದಾಹರಣೆಯನ್ನು ನಾನು ಸುಮ್ಮನೆ ಆರಿಸಿಕೊಂಡದ್ದಲ್ಲ. 791ನೆಯ ಪತ್ರವಾಗಲಿ ಅದಕ್ಕೆ ಹಿಂದಿನವಾಗಲಿ ವಿಳಾಸದ ಬಿಟ್‌ಗಳನ್ನು ವಿವರಿಸಿದುವೇ ಹೊರತು ಅವನ್ನು ಬರೆಯುವ ರೀತಿಯನ್ನು ವಿಧಿಸಲಿಲ್ಲ. ಅದೇ ತಿಂಗಳು ಹೊರಟ, ಜಾಲಗಳ ಕ್ರಮಸಂಖ್ಯೆಗಳ ಪಟ್ಟಿಯಾದ 790ನೆಯ ಪತ್ರದಲ್ಲಿ, ವಿಳಾಸಗಳನ್ನು ಬರೆಯಲು ಸಾಮಾನ್ಯವಾಗಿ ಬಳಸುವ ಒಂದು ಕ್ರಮವೆಂದು ಚುಕ್ಕೆಯ ದಶಮಾನ ಪದ್ಧತಿಯನ್ನು ಪ್ರಾಸಂಗಿಕವಾಗಿ ಹೇಳಿದೆ. ಅಲ್ಲಿ ಕೊಟ್ಟ ನಿದರ್ಶನವೇ ಈ ವಿಳಾಸ. ಆದರೆ ಅದನ್ನು ಎರಡು ರೀತಿಯಲ್ಲಿ ಬರೆದಿದ್ದಾರೆ: 010.020.000.052 ಎಂದು ಒಮ್ಮೆ, 10.20.0.52 ಎಂದು ಮತ್ತೊಮ್ಮೆ. ಎರಡೂ ಒಂದೇ ಎಂಬುದು ಲೇಖಕರ ಸ್ಪಷ್ಟವಾದ ಅಭಿಪ್ರಾಯ. ಜಾಲಗಳ ಪಟ್ಟಿಯಲ್ಲಿಯೂ ಅಂಕಣ ಸಾಲಾಗಿ ನಿಲ್ಲಲೆಂದು ಎಲ್ಲ ಸಂಖ್ಯೆಗಳನ್ನೂ ಮೂರು ಸ್ಥಾನಗಳಿಗೆ ಹಿಗ್ಗಿಸಿ ಅಚ್ಚು ಮಾಡಿದ್ದಾರೆ. ಆರ್ಪಾನೆಟ್ ಜಾಲದ ಸಂಖ್ಯೆಯಾದ ಹತ್ತು ಅಲ್ಲಿ 010 ಎಂದು ಕಾಣುತ್ತದೆ. ಮರುವರ್ಷ, 1982ರ ಆಗಸ್ಟಿನಲ್ಲಿ, ಅಂಚೆಯ ನಿಯಮಗಳನ್ನು ಹೇಳುವ 821ನೆಯ ಪತ್ರ ಇನ್ನೂ ನಿಷ್ಕೃಷ್ಟವಾಗಿ ಮಾತನಾಡಿತು. ವಿಳಾಸದ ಪ್ರತಿ ಭಾಗವೂ ಒಂದು, ಎರಡು ಅಥವಾ ಮೂರು ಅಂಕಿಗಳಿಂದ ಬರೆದ, 0ರಿಂದ 255ರೊಳಗಿನ ದಶಮಾನ ಸಂಖ್ಯೆಯೆಂಬುದು ಅದರ ಲಕ್ಷಣ. ಈ ಎರಡು ಆಧಾರಗಳನ್ನು ಒಟ್ಟಿಗೆ ಓದಿದವರಿಗೆ 010 ಎಂದರೆ ಹತ್ತೇ ಎಂಬುದರಲ್ಲಿ ಸಂಶಯವಿರಲಾರದು.

ಸಂಶಯ ಬಂದದ್ದು ಪತ್ರಗಳಿಂದಲ್ಲ, ಪ್ರೋಗ್ರಾಮಿನಿಂದ. 1983ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕಲಿ ಶಾಖೆಯವರು ಯುನಿಕ್ಸ್ ಕಾರ್ಯವ್ಯವಸ್ಥೆಯ ತಮ್ಮ 4.2 ಬಿಎಸ್‌ಡಿ ಎಂಬ ಆವೃತ್ತಿಯನ್ನು ಹೊರತಂದರು. ಅಂತರಜಾಲದೊಂದಿಗೆ ವ್ಯವಹರಿಸುವ ಸಾಧನಗಳೆಲ್ಲ ಅದರೊಳಗೇ ಸಿದ್ಧವಾಗಿದ್ದುದರಿಂದ ವಿಶ್ವವಿದ್ಯಾನಿಲಯಗಳಲ್ಲಿಯೂ ಕಂಪನಿಗಳಲ್ಲಿಯೂ ಅದು ಬೇಗನೆ ಹರಡಿತು. ಅನೇಕರ ಪಾಲಿಗೆ ಅಂತರಜಾಲವೆಂದರೆ ಬರ್ಕಲಿಯವರು ಬರೆದುಕೊಟ್ಟದ್ದೇ ಆಯಿತು. ಅದರಲ್ಲಿ ಲಿಖಿತ ವಿಳಾಸವನ್ನು ದ್ವಿಮಾನಕ್ಕೆ ತಿರುಗಿಸಲು ‘ಐನೆಟ್-ಅಡ್ರ್’ ಎಂಬ ಫಂಕ್ಷನ್ ಇದ್ದಿತು. ಇದನ್ನು ಬರೆದವರು ಪತ್ರಗಳ ಲಕ್ಷಣವನ್ನಲ್ಲ, ತಾವು ದಿನವೂ ಬಳಸುತ್ತಿದ್ದ ಸಿ ಭಾಷೆಯ ಲಕ್ಷಣವನ್ನು ಅನುಸರಿಸಿದರು. ಸಿ ಭಾಷೆಯಲ್ಲಿ, ಅದಕ್ಕೂ ಹಿಂದಿನ ಬಿ ಭಾಷೆಯಿಂದ ಬಂದ ಸಂಪ್ರದಾಯದಂತೆ, ಸೊನ್ನೆಯಿಂದ ಮೊದಲಾಗುವ ಸಂಖ್ಯೆ ಅಷ್ಟಮಾನದ್ದು. ಸೊನ್ನೆಯ ಮುಂದೆ ಎಕ್ಸ್ ಅಕ್ಷರವಿದ್ದರೆ ಷೋಡಶಮಾನದ್ದು. ಆ ಭಾಷೆಗಳು ಬೆಳೆದ ಕಾಲದ ಯಂತ್ರಗಳಲ್ಲಿ ಮೂರು ಮೂರು ಬಿಟ್‌ಗಳನ್ನು ಒಂದು ಅಂಕಿಯಾಗಿ ಓದುವ ಅಭ್ಯಾಸ ಬಲವಾಗಿದ್ದುದೇ ಇದಕ್ಕೆ ಕಾರಣ. ಯುನಿಕ್ಸ್ ಮೊದಲು ಹುಟ್ಟಿದ ಪಿಡಿಪಿ-7 ಯಂತ್ರದ ಪದ 18 ಬಿಟ್‌ಗಳದು; ಅದು ಆರು ಅಷ್ಟಮಾನ ಅಂಕಿಗಳಿಗೆ ಸರಿಯಾಗಿ ಹೊಂದುತ್ತಿದ್ದಿತು.

ಇದರ ಪರಿಣಾಮವನ್ನು ನೋಡಿ. 1981ರ ಪತ್ರದ 010.020.000.052 ಎಂಬ ವಿಳಾಸವನ್ನು ಬರ್ಕಲಿಯ ಫಂಕ್ಷನ್ನು ಅಷ್ಟಮಾನದಲ್ಲಿ ಓದುತ್ತದೆ. 010 ಎಂಬುದು ಎಂಟು, 020 ಹದಿನಾರು, 052 ನಾಲ್ವತ್ತೆರಡು. ಹೀಗೆ ಬರುವ ವಿಳಾಸ 8.16.0.42. ಇದು ಬೇರೊಂದು ಜಾಲದ ಬೇರೊಂದು ಯಂತ್ರ. ಆಧಾರಗ್ರಂಥವು ತಾನೇ ಕೊಟ್ಟ ನಿದರ್ಶನವನ್ನು ಎರಡು ವರ್ಷ ಕಳೆಯುವುದರೊಳಗೆ ಅತ್ಯಂತ ಪ್ರಚಾರವುಳ್ಳ ಪ್ರೋಗ್ರಾಮು ಬೇರೆಯಾಗಿ ಓದಿತೆಂದಾಯಿತು. ಇಲ್ಲಿ ದೋಷವನ್ನು ಬರ್ಕಲಿಯವರ ಮೇಲೆಯೇ ಹೊರಿಸುವ ಪರಿಪಾಟಿಯುಂಟು. ಅದು ಪೂರ್ತಿ ನ್ಯಾಯವಲ್ಲವೆಂದು ನನಗೆ ತೋರುತ್ತದೆ. ನಿಯಮ ಮಾಡಬೇಕಾದವರು ಅದನ್ನು ಪಟ್ಟಿಯೊಂದರ ಪೀಠಿಕೆಯಲ್ಲಿ ಉದಾಹರಣೆಯಾಗಿ ಹೇಳಿ ಮುಂದೆ ನಡೆದರು. ಮುಂದಿರುವ ಸೊನ್ನೆಗೆ ಬೆಲೆಯಿಲ್ಲವೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ; ಬೆಲೆಯಿರಬಹುದೆಂದು ಅವರಿಗೆ ಹೊಳೆದಿರಲಾರದು. ಇತ್ತ ಬರ್ಕಲಿಯವರಿಗೆ ಬೆಲೆಯಿಲ್ಲದ ಮುಂಸೊನ್ನೆಯೆಂಬುದೇ ಅಪರಿಚಿತವಾಗಿದ್ದಿತು. ಇಬ್ಬರೂ ತಮ್ಮ ತಮ್ಮ ರೂಢಿಯಲ್ಲಿ ಸರಿಯಾಗಿದ್ದರು.

‘ಐನೆಟ್-ಅಡ್ರ್’ ಮಾಡಿದ ಔದಾರ್ಯ ಇಷ್ಟೇ ಅಲ್ಲ. ನಾಲ್ಕು ಭಾಗಗಳಿಗೆ ಬದಲಾಗಿ ಮೂರು, ಎರಡು, ಒಂದು ಭಾಗಗಳನ್ನು ಕೊಟ್ಟರೂ ಅದು ಸ್ವೀಕರಿಸುತ್ತಿದ್ದಿತು. ಕೊನೆಯ ಭಾಗವು ಉಳಿದ ಬಿಟ್‌ಗಳನ್ನೆಲ್ಲ ತುಂಬುತ್ತದೆಂಬುದು ಅದರ ನಿಯಮ. ಆದ್ದರಿಂದ 10.20.52 ಎಂದರೂ, 10.1310772 ಎಂದರೂ, 169082932 ಎಂದರೂ ನಾವು ನೋಡಿದ ಅದೇ 10.20.0.52 ಸಿಕ್ಕುತ್ತದೆ. ಈಗ ಇದು ವಿಲಕ್ಷಣವಾಗಿ ಕಂಡರೂ ಆ ಕಾಲಕ್ಕೆ ಅರ್ಥವಿಲ್ಲದೆ ಇರಲಿಲ್ಲ. 791ನೆಯ ಪತ್ರದ ಪ್ರಕಾರ ವಿಳಾಸಗಳು ವರ್ಗಗಳಾಗಿ ಹಂಚಿಹೋಗಿದ್ದುವು. ‘ಎ’ ವರ್ಗದ ಜಾಲಕ್ಕೆ ಮೊದಲ 8 ಬಿಟ್‌ಗಳು, ಅದರೊಳಗಿನ ಯಂತ್ರಕ್ಕೆ ಉಳಿದ 24. ‘ಬಿ’ ವರ್ಗದಲ್ಲಿ ಜಾಲಕ್ಕೆ 16, ಯಂತ್ರಕ್ಕೆ 16. ಎರಡು ಭಾಗದ ಬರಹ ‘ಎ’ ವರ್ಗಕ್ಕೂ ಮೂರು ಭಾಗದ ಬರಹ ‘ಬಿ’ ವರ್ಗಕ್ಕೂ ಅನುಕೂಲವಾಗಲೆಂಬುದು ಉದ್ದೇಶ. 1993ರ ಸೆಪ್ಟೆಂಬರಿನಲ್ಲಿ 1519ನೆಯ ಪತ್ರವು ಜಾಲಭಾಗದ ಗಡಿಯನ್ನು ಯಾವ ಬಿಟ್ಟಿನ ಮೇಲಾದರೂ ಇಡಬಹುದೆಂಬ ವ್ಯವಸ್ಥೆಯನ್ನು ತಂದಾಗ ವರ್ಗಗಳು ಹೋದುವು, ಬರಹ ಮಾತ್ರ ಉಳಿಯಿತು. ಸಾಮ್ರಾಜ್ಯ ಅಳಿದ ಮೇಲೂ ಅದರ ತೂಕ ಅಳತೆಗಳು ಸಂತೆಯಲ್ಲಿ ನಡೆಯುವಂತೆ, ಇವತ್ತಿಗೂ 127.1 ಎಂದು ಒತ್ತಿ 127.0.0.1ಕ್ಕೆ ಹೋಗುವವರಿದ್ದಾರೆ.

ಆ ಫಂಕ್ಷನ್ನಿನಲ್ಲಿ ಇನ್ನೊಂದು ಕೊರತೆಯಿದ್ದಿತು. ಬರಹ ಅಶುದ್ಧವಾಗಿದ್ದರೆ ಅದು -1 ಎಂಬ ಉತ್ತರ ಕೊಡುತ್ತಿದ್ದಿತು. ಆದರೆ 32 ಬಿಟ್‌ಗಳ ಲೆಕ್ಕದಲ್ಲಿ -1 ಎಂದರೆ ಎಲ್ಲ ಸ್ಥಾನಗಳಲ್ಲಿಯೂ ಒಂದು, ಅಂದರೆ 255.255.255.255. 1984ರಲ್ಲಿ ಇದೇ ವಿಳಾಸ ಸ್ಥಳೀಯ ಜಾಲದ ಸಮಸ್ತ ಯಂತ್ರಗಳಿಗೂ ಒಮ್ಮೆಗೇ ಸಂದೇಶ ಕಳುಹಿಸುವ ವಿಳಾಸವೆಂದು ವಿಧಿತವಾಯಿತು. ಹೀಗೆ ತಪ್ಪೆಂಬ ಉತ್ತರಕ್ಕೂ ನ್ಯಾಯವಾದ ಒಂದು ವಿಳಾಸಕ್ಕೂ ಒಂದೇ ರೂಪವಾಯಿತು. ಮುಂದಿನ ‘ಐನೆಟ್-ಎಟನ್’ ಎಂಬ ಫಂಕ್ಷನ್ನು ಸಿಕ್ಕಿದ ವಿಳಾಸವನ್ನು ಒಂದು ಕಡೆಯೂ, ಬರಹ ಶುದ್ಧವೋ ಅಶುದ್ಧವೋ ಎಂಬ ತೀರ್ಪನ್ನು ಮತ್ತೊಂದು ಕಡೆಯೂ ಕೊಟ್ಟು ಈ ತೊಡಕನ್ನು ಬಿಡಿಸಿತು. ಆದರೆ ಅಷ್ಟಮಾನವನ್ನೂ ಅಪೂರ್ಣ ಬರಹಗಳನ್ನೂ ಅದು ಹಾಗೆಯೇ ಮುಂದುವರಿಸಿತು.

ಪ್ರಾಸಂಗಿಕವಾಗಿ, ದ್ವಿಮಾನರೂಪವನ್ನು ಯಂತ್ರದ ಸ್ಮೃತಿಯಲ್ಲಿ ಇಡುವ ಕ್ರಮದ ಬಗೆಗೆ ಒಂದು ಮಾತು ಹೇಳಬೇಕು. ಅಂತರಜಾಲವು ದೊಡ್ಡ ಸ್ಥಾನದ ಬೈಟನ್ನು ಮೊದಲು ಕಳುಹಿಸುತ್ತದೆ. 4.2 ಬಿಎಸ್‌ಡಿ ನಡೆಯುತ್ತಿದ್ದ ವ್ಯಾಕ್ಸ್ ಯಂತ್ರವೂ, ಇಂದು ಮೇಜಿನ ಮೇಲಿರುವ ಬಹುಪಾಲು ಯಂತ್ರಗಳೂ ಚಿಕ್ಕ ಸ್ಥಾನವನ್ನು ಮೊದಲಿಡುತ್ತವೆ. ಡ್ಯಾನಿ ಕೊಹೆನ್ ಅವರು 1980ರ ಏಪ್ರಿಲ್ 1ರ ದಿನಾಂಕದ ಒಂದು ಪ್ರಸಿದ್ಧ ಟಿಪ್ಪಣಿಯಲ್ಲಿ ಈ ಎರಡು ಪಕ್ಷಗಳನ್ನು, ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಯುದ್ಧ ಮಾಡಿದ ಸ್ವಿಫ್ಟನ ಕಥೆಯ ಲಿಲಿಪುಟ್ಟಿನವರಿಗೆ ಹೋಲಿಸಿದರು. ನಮ್ಮವರಿಗೆ ಲಿಲಿಪುಟ್ಟಿಗೆ ಹೋಗುವ ಅಗತ್ಯವಿಲ್ಲ. ಭೂತಸಂಖ್ಯೆಗಳಲ್ಲಿ ಅಂಕಗಳು ಎಡಕ್ಕೆ ಸಾಗುತ್ತವೆಂಬ ನಿಯಮ ಬಲ್ಲವರು, ‘ನೇತ್ರ ಬಾಣ’ವೆಂಬುದನ್ನು 25 ಎನ್ನದೆ 52 ಎಂದು ಓದುವವರು, ಚಿಕ್ಕ ಸ್ಥಾನ ಮೊದಲು ಬರುವ ಬರಹಕ್ಕೆ ಹೊಸಬರಲ್ಲ. ತಿರುಗಿಸುವ ಫಂಕ್ಷನ್ನುಗಳು ತಮ್ಮ ಉತ್ತರವನ್ನು ಜಾಲದ ಕ್ರಮದಲ್ಲಿಯೇ ಇಡುತ್ತವೆ. ಇದನ್ನು ಅರಿಯದ ವಿದ್ಯಾರ್ಥಿ 127.0.0.1ರ ಬೆಲೆಯನ್ನು ಅಚ್ಚು ಮಾಡಿ ನೋಡಿ, 2130706433 ಬರಬೇಕಾದಲ್ಲಿ 16777343 ಬಂದಿತೇಕೆಂದು ಬೆರಗಾಗುವುದುಂಟು.

ಶಿಸ್ತನ್ನು ತರುವ ಪ್ರಯತ್ನ ನಡೆದದ್ದು ಹೊಸ ವಿಳಾಸಪದ್ಧತಿಯ ಸಂದರ್ಭದಲ್ಲಿ. 1995ರ ಡಿಸೆಂಬರಿನಲ್ಲಿ ಅಂತರಜಾಲದ ಆರನೆಯ ಆವೃತ್ತಿಯ ಪತ್ರಗಳು ಹೊರಟುವು. ವಿಳಾಸ 128 ಬಿಟ್‌ಗಳಿಗೆ ಬೆಳೆಯಿತು. ಈ ಬಾರಿ ಬರಹದ ರೀತಿಯನ್ನು ಪೀಠಿಕೆಗೆ ಬಿಡದೆ ಮೊದಲೇ ವಿಧಿಸಿದರು: 16 ಬಿಟ್‌ಗಳ ಎಂಟು ಭಾಗಗಳು, ಷೋಡಶಮಾನದ ಅಂಕಿಗಳು, ನಡುವೆ ವಿವರಣಚಿಹ್ನೆ, ಸೊನ್ನೆಗಳ ಸಾಲನ್ನು ಒಂದೇ ಒಂದು ಸಲ ಎರಡು ವಿವರಣಚಿಹ್ನೆಗಳಿಂದ ಸಂಕ್ಷೇಪಿಸಬಹುದು. ಎಲ್ಲವೂ ಷೋಡಶಮಾನವೇ ಆದ್ದರಿಂದ ಮುಂಸೊನ್ನೆಗೆ ಬೇರೆ ಅರ್ಥ ಬರಲು ಆಸ್ಪದವಿಲ್ಲ. ಹಳೆಯ ಫಂಕ್ಷನ್ನು ಇದಕ್ಕೆ ಸಾಲದಾಗಿ, 1997ರ ಏಪ್ರಿಲಿನ 2133ನೆಯ ಪತ್ರದಲ್ಲಿ ಎರಡೂ ಪದ್ಧತಿಗಳಿಗೆ ಸಲ್ಲುವ ‘ಐನೆಟ್-ಪಿಟನ್’ ಬಂದಿತು. ಸರಿಯಾದ ಬರಹಕ್ಕೆ 1, ಅಶುದ್ಧ ಬರಹಕ್ಕೆ 0, ತಾನು ಅರಿಯದ ಪದ್ಧತಿಗೆ -1 ಎಂದು ಇದರ ಉತ್ತರಗಳು ಬೇರೆ ಬೇರೆ. ಹಳೆಯ 32 ಬಿಟ್ ವಿಳಾಸಕ್ಕೆ ನಾಲ್ಕೂ ಭಾಗಗಳಿರಲೇಬೇಕು, ಎಲ್ಲವೂ ದಶಮಾನದಲ್ಲಿಯೇ ಇರಬೇಕು.

ಇಷ್ಟರಿಂದ ವಿವಾದ ಮುಗಿಯಬೇಕಾಗಿದ್ದಿತು. ಮುಗಿಯದಿರಲು ಕಾರಣ, ಹೊಸದು ಬಂದಿತೆಂದು ಹಳೆಯದು ಹೋಗದಿದ್ದುದು. ಯುನಿಕ್ಸ್ ವ್ಯವಸ್ಥೆಗಳ ಸಮಾನನಿಯಮವಾದ ಪೋಸಿಕ್ಸ್, ‘ಐನೆಟ್-ಅಡ್ರ್’ ಫಂಕ್ಷನ್ನಿನ ಅಷ್ಟಮಾನ ಷೋಡಶಮಾನಗಳನ್ನು ಶಾಸ್ತ್ರಸಮ್ಮತವೆಂದೇ ದಾಖಲು ಮಾಡಿತು. ಒಂದು ಪ್ರೋಗ್ರಾಮಿನ ಅಭ್ಯಾಸ ಹೀಗೆ ಶಾಸನವಾಯಿತು. ‘ಐನೆಟ್-ಪಿಟನ್’ ವಿಷಯದಲ್ಲಿ ಅದೇ ಪೋಸಿಕ್ಸ್ ಒಂದರಿಂದ ಮೂರು ಅಂಕಿಗಳ ದಶಮಾನವೆಂದಿತು. ಲಿನಕ್ಸಿನಲ್ಲಿ ಬಳಕೆಯಲ್ಲಿರುವ ಗ್ನೂ ಸಿ ಗ್ರಂಥಾಲಯದ ‘ಐನೆಟ್-ಪಿಟನ್’ ಮತ್ತೂ ಕಟ್ಟುನಿಟ್ಟಾಗಿ, ಮುಂಸೊನ್ನೆಯುಳ್ಳ ಭಾಗವನ್ನು ಸ್ವೀಕರಿಸುವುದೇ ಇಲ್ಲ. ಈಗ 010 ಎಂಬ ಮೂರಕ್ಷರಕ್ಕೆ ಮೂರು ಗತಿಗಳಾದುವು: ಹತ್ತು, ಎಂಟು, ತಿರಸ್ಕಾರ. ಜಾಲತಾಣದ ವಿಳಾಸಗಳ ಲಕ್ಷಣ ಹೇಳುವ 3986ನೆಯ ಪತ್ರವು 2005ರ ಜನವರಿಯಲ್ಲಿ ಮುಂಸೊನ್ನೆಗೆ ಎಡೆಯಿಲ್ಲದ ವ್ಯಾಕರಣವನ್ನು ಬರೆದು, ಅದೇ ಉಸಿರಿನಲ್ಲಿ, ಅನೇಕ ಪ್ರೋಗ್ರಾಮುಗಳು ಹಳೆಯ ಫಂಕ್ಷನ್ನುಗಳಿಗೆ ಕೆಲಸ ಒಪ್ಪಿಸುವುದರಿಂದ ವಿರಳರೂಪಗಳೂ ಒಳನುಗ್ಗುತ್ತವೆಂದು ಎಚ್ಚರಿಸಿತು. ಎಚ್ಚರಿಕೆ ಕೊಟ್ಟದ್ದು ಸರಿಯೇ, ಕೇಳಿದವರು ಕಡಮೆ.

ಇದರಿಂದ ನಷ್ಟವೇನೆಂದು ಕೇಳಬಹುದು. ದೊಡ್ಡ ಜಾಲಗಳಲ್ಲಿ ಹೊರಗಿನವರ ಕೋರಿಕೆಯನ್ನು ಮೊದಲು ಒಬ್ಬ ಕಾವಲುಗಾರ ಪ್ರೋಗ್ರಾಮು ಪರೀಕ್ಷಿಸುತ್ತದೆ, ಆಮೇಲೆ ಮತ್ತೊಂದು ಪ್ರೋಗ್ರಾಮು ಅದನ್ನು ನೆರವೇರಿಸುತ್ತದೆ. 10ರಿಂದ ಮೊದಲಾಗುವ ವಿಳಾಸಗಳು ಸಂಸ್ಥೆಗಳ ಒಳಬಳಕೆಗೆ ಮೀಸಲೆಂದು 1996ರ 1918ನೆಯ ಪತ್ರ ಹೇಳಿದೆ. ಆರ್ಪಾನೆಟ್ಟಿನ ಆ ಹಳೆಯ ಸಂಖ್ಯೆಯೇ ಅದರ ಮರಣಾನಂತರ ಈ ಕೆಲಸಕ್ಕೆ ಒದಗಿತು. ಹೊರಗಿನವನೊಬ್ಬ 012.0.0.1 ಎಂದು ಬರೆಯುತ್ತಾನೆ. ಕಾವಲುಗಾರ ಸೊನ್ನೆಯನ್ನು ಬಿಟ್ಟು 12.0.0.1 ಎಂದೋದಿ, ಇದು ಹೊರಗಿನ ವಿಳಾಸ, ಹೋಗಲಿ ಎನ್ನುತ್ತಾನೆ. ನೆರವೇರಿಸುವವನು ಅಷ್ಟಮಾನದಲ್ಲಿ ಓದಿ 10.0.0.1 ಎಂಬ ಒಳಮನೆಯ ಬಾಗಿಲನ್ನು ತೆರೆಯುತ್ತಾನೆ. ಬೀಗ ಮುರಿದಿಲ್ಲ, ಗೋಡೆ ಕೊರೆದಿಲ್ಲ. ಇಬ್ಬರು ಓದುಗರ ನಡುವಿನ ಭೇದವೇ ಕಳ್ಳನಿಗೆ ದಾರಿ. 32 ಬಿಟ್‌ಗಳಲ್ಲಿ ತಪ್ಪನ್ನು ತೋರಿಸುವ ಹೆಚ್ಚಿನ ಅಂಶ ಒಂದೂ ಇಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಯಾವ ಸಂಖ್ಯೆ ಬಂದರೂ ಅದು ವಿಳಾಸವೇ; ತಪ್ಪಾಗಿ ಓದಿದುದನ್ನು ಬಯಲಿಗೆಳೆಯುವ ಸಂವತ್ಸರವಾಗಲಿ ವಾರವಾಗಲಿ ಅದರ ಪಕ್ಕದಲ್ಲಿಲ್ಲ.

2021ರಲ್ಲಿ ಈ ಬಗೆಯ ದೋಷಗಳು ಒಂದರ ಹಿಂದೊಂದರಂತೆ ಹೊರಬಿದ್ದುವು. ಮೊದಲು ಜಾವಾಸ್ಕ್ರಿಪ್ಟ್ ಭಾಷೆಯವರು ವ್ಯಾಪಕವಾಗಿ ಬಳಸುವ ‘ನೆಟ್‌ಮಾಸ್ಕ್’ ಎಂಬ ಪೊಟ್ಟಣದಲ್ಲಿ; ಅನಂತರ ಪೈಥಾನ್, ರಸ್ಟ್, ಗೋ ಭಾಷೆಗಳ ಸ್ವಂತ ಗ್ರಂಥಾಲಯಗಳಲ್ಲಿ. ಪೈಥಾನಿನ ವೃತ್ತಾಂತ ವಿಶೇಷವಾಗಿ ಗಮನಾರ್ಹ. ಅದರ ವಿಳಾಸ ಗ್ರಂಥಾಲಯವು ಅಷ್ಟಮಾನವೋ ದಶಮಾನವೋ ಎಂದು ಸಂದಿಗ್ಧವಾಗಬಹುದಾದ ಬರಹವನ್ನು ಮೊದಲು ತಿರಸ್ಕರಿಸುತ್ತಿದ್ದಿತು. 2019ರಲ್ಲಿ ಬಂದ 3.8ನೆಯ ಆವೃತ್ತಿಯಲ್ಲಿ ಆ ತಡೆಯನ್ನು ತೆಗೆದುಹಾಕಿ ಮುಂಸೊನ್ನೆಗೆ ಬೆಲೆಯಿಲ್ಲವೆಂದು ಮಾಡಿದರು. ಎರಡು ವರ್ಷದೊಳಗೆ, 2021ರ 3.9.5ನೆಯ ಆವೃತ್ತಿಯಲ್ಲಿ, ಮುಂಸೊನ್ನೆಯನ್ನು ಸಂಪೂರ್ಣವಾಗಿ ನಿಷೇಧಿಸಬೇಕಾಯಿತು. ಒಂದು ಕಟ್ಟಳೆ ಏಕೆ ಹುಟ್ಟಿತೆಂಬುದು ಮರೆತುಹೋದಾಗ ಅದು ಅನವಶ್ಯಕವಾಗಿ ಕಾಣುವುದು ಸಹಜ. ಗೋ ಭಾಷೆಯೂ ಅದೇ ವರ್ಷದ ಆಗಸ್ಟಿನ 1.17ನೆಯ ಆವೃತ್ತಿಯಿಂದ ಮುಂಸೊನ್ನೆಯನ್ನು ತಿರಸ್ಕರಿಸತೊಡಗಿತು. ಹತ್ತೆಂದವರೂ ಎಂಟೆಂದವರೂ ಒಪ್ಪುವ ದಾರಿ ಇದೊಂದೇ ಎಂಬುದನ್ನು ಇವರೆಲ್ಲ ಬೇರೆ ಬೇರೆಯಾಗಿ ಕಂಡುಕೊಂಡರು. ಸಂದಿಗ್ಧವಾದುದನ್ನು ಊಹಿಸದೆ ಹಿಂದಿರುಗಿಸುವುದು ಯಂತ್ರಕ್ಕೆ ಸಾಧ್ಯ. ಕಲ್ಲಿನ ಮೇಲೆ ‘ರಸ’ವೆಂದು ಕೆತ್ತಿದವನಿಗೆ ಶಾಸನವನ್ನು ಹಿಂದಿರುಗಿಸುವ ಸೌಕರ್ಯ ನಮ್ಮ ವಿದ್ವಾಂಸರಿಗಿಲ್ಲ.

ಇದೇ ಪೈಥಾನ್ ಗ್ರಂಥಾಲಯದಲ್ಲಿ ಕನ್ನಡಿಗರಿಗೆ ಕುತೂಹಲಕರವಾದ ಸೂಕ್ಷ್ಮವೊಂದುಂಟು. ಆ ಭಾಷೆಯಲ್ಲಿ ಅಕ್ಷರಗಳನ್ನು ಪೂರ್ಣಾಂಕಕ್ಕೆ ತಿರುಗಿಸುವ ಸಾಮಾನ್ಯ ಫಂಕ್ಷನ್ನು ಯುನಿಕೋಡಿನ ಎಲ್ಲ ಲಿಪಿಗಳ ದಶಮಾನ ಅಂಕಿಗಳನ್ನೂ ಬಲ್ಲದು. ೧೨ ಎಂದು ಕೊಟ್ಟರೆ ಹನ್ನೆರಡೆಂದೇ ಓದುತ್ತದೆ. ಆದರೆ ವಿಳಾಸದ ಗ್ರಂಥಾಲಯವು ಆ ಫಂಕ್ಷನ್ನಿಗೆ ಕೊಡುವ ಮೊದಲೇ ಅಕ್ಷರಗಳನ್ನು ಪರೀಕ್ಷಿಸಿ, 0ರಿಂದ 9ರವರೆಗಿನ ಆಸ್ಕಿ ಅಂಕಿಗಳಲ್ಲದ ಎಲ್ಲವನ್ನೂ ನಿಲ್ಲಿಸುತ್ತದೆ. ಹೀಗಾಗಿ ೧೦.೨೦.೦.೫೨ ಎಂಬುದು ಅಲ್ಲಿ ವಿಳಾಸವಲ್ಲ. ನಮ್ಮ ಅಂಕಿಗಳಿಗೆ ಮರ್ಯಾದೆ ಕಡಮೆಯಾಯಿತೆಂದು ಇದಕ್ಕೆ ಖೇದಪಡುವ ಕಾರಣವಿಲ್ಲ. ಒಂದು ಪ್ರೋಗ್ರಾಮು ಕನ್ನಡ ಅಂಕಿಯನ್ನು ಓದಿ ಮತ್ತೊಂದು ಓದದಿದ್ದರೆ ಮುಂಸೊನ್ನೆಯ ಕಥೆಯೇ ಮರುಕಳಿಸುತ್ತಿದ್ದಿತು.

ಸ್ವೀಕರಿಸುವುದರಲ್ಲಿ ಉದಾರವಾಗಿಯೂ ಕಳುಹಿಸುವುದರಲ್ಲಿ ನಿಯತವಾಗಿಯೂ ಇರಬೇಕೆಂಬ ಪೋಸ್ಟೆಲ್ಲರ ಸೂತ್ರವನ್ನು ಅಂತರಜಾಲದವರು ಬಹುಕಾಲ ಮಂತ್ರದಂತೆ ಜಪಿಸಿದರು. ಜಾಲ ಎಳೆಯದಾಗಿದ್ದಾಗ ಪರಸ್ಪರ ಅಪರಿಚಿತವಾದ ಯಂತ್ರಗಳು ಮಾತನಾಡುವಂತಾದುದು ಆ ಔದಾರ್ಯದಿಂದಲೇ ಎಂಬುದನ್ನು ಅಲ್ಲಗಳೆಯಲಾಗದು. ಆದರೆ 2023ರ ಜೂನಿನ 9413ನೆಯ ಪತ್ರವು ಈ ಸೂತ್ರವನ್ನೇ ಪುನರ್ವಿಮರ್ಶೆಗೆ ಎಳೆಯಿತು. ಒಬ್ಬರ ಔದಾರ್ಯ ಎಲ್ಲರ ಮೇಲೂ ಬೀಳುವ ಹೊರೆಯಾಗುತ್ತದೆಂಬುದು ಅದರ ವಾದದ ಒಂದು ಮುಖ. ವಿಳಾಸದ ಬರಹಕ್ಕಿಂತ ಮಿಗಿಲಾದ ನಿದರ್ಶನ ಇದಕ್ಕೆ ಬೇಕಿಲ್ಲ. ಗ್ನೂ ಗ್ರಂಥಾಲಯದ ಒಂದು ಫಂಕ್ಷನ್ನಂತೂ ವಿಳಾಸದ ಮುಂದೆ ತೆರಪು ಬಿಟ್ಟು ಏನು ಬರೆದಿದ್ದರೂ ಕಣ್ಣುಮುಚ್ಚಿ ಒಪ್ಪುತ್ತಿದ್ದಿತು, 2019ರ 2.29ನೆಯ ಆವೃತ್ತಿಯಲ್ಲಿ ಅದನ್ನು ತಿದ್ದಿದರು.

ತಿದ್ದುವಾಗಲೂ ಅಷ್ಟಮಾನವನ್ನು ಮುಟ್ಟಲಿಲ್ಲ. ಅದನ್ನು ನಂಬಿದ ಪ್ರೋಗ್ರಾಮು ಲೋಕದಲ್ಲಿ ಎಲ್ಲಿ ಎಷ್ಟಿವೆಯೋ ಎಂಬ ಭಯ ಇದಕ್ಕೆ ಕಾರಣ. ಜಾಲದರ್ಶಕಗಳು ಅನುಸರಿಸುವ ಇಂದಿನ ವಿಳಾಸನಿಯಮದಲ್ಲಿಯೂ ಅದು ಹಾಗೆಯೇ ಸೇರಿಕೊಂಡಿದೆ. ಲಿನಕ್ಸ್ ಯಂತ್ರದ ಮುಂದೆ ಕುಳಿತು, 1981ರ ಪತ್ರದಲ್ಲಿ ಅಚ್ಚಾಗಿರುವಂತೆಯೇ 010.020.000.052 ಎಂದು ‘ಪಿಂಗ್’ ಆಜ್ಞೆಗೆ ಕೊಟ್ಟು ನೋಡಿದರೆ, ಅದು ಕರೆಯುವುದು ಇವತ್ತಿಗೂ 8.16.0.42 ಎಂಬ ಯಂತ್ರವನ್ನೇ.